ಬಣ್ಣದ ಧೂಳು ಹಳ್ಳ ಸೇರದಿರಲಿ

ಅಡಿಕೆ, ಗೊಬ್ಬರ, ಹುಲ್ಲು ಹೊತ್ತು ಹತ್ತಾರು ಮಳೆಗಾಲ ಕಂಡ ಪಿಕಪ್ ವಾಹನಗಳು ಮಲೆನಾಡಿನ ಅಂಗಳಗಳಲ್ಲಿ ಇಂದಿಗೂ ನಿಂತಿವೆ. ಬಿಸಿಲಿಗೆ ಅವುಗಳ ಬಣ್ಣ ಮಾಸಿ ಸುಣ್ಣದಂತೆ ಪುಡಿಯಾಗುತ್ತದೆ. ಚಕ್ಕೆ ಎದ್ದಲ್ಲಿ ನೀರಿಳಿದು ತಗಡಿಗೆ ತುಕ್ಕು ಹಿಡಿಯುತ್ತದೆ. ಹೊಸದನ್ನು ಕೊಳ್ಳುವ ಬದಲು ಹಳೆಯದಕ್ಕೇ ಬಣ್ಣ ಹೊಡೆಸಿ ಬಳಸುವುದು ವಿವೇಕದ ದಾರಿ. ಹೊಸ ವಾಹನದ ಉಕ್ಕಿಗೆ ಬೇಕಾದ ಅದಿರೂ ಯಾವುದೋ ಗುಡ್ಡವನ್ನು ಅಗೆದೇ ಬರಬೇಕಲ್ಲವೇ?

ಆದರೆ ಈ ವಿವೇಕ ಅರ್ಧಕ್ಕೆ ನಿಲ್ಲಬಾರದು. ಹಳೆಯ ಬಣ್ಣವನ್ನು ಒಣದಾಗಿಯೇ ಉಜ್ಜಿ, ಧೂಳನ್ನು ಹಳ್ಳಕ್ಕೆ ತೊಳೆದುಬಿಡುವುದುಂಟು. ಉಜ್ಜುವ ಹುಡುಗನ ಮೂಗಿಗೆ ಒಂದು ಮುಸುಕೂ ಇರುವುದಿಲ್ಲ. ಹಳೆಯ ಹಳದಿ ಬಣ್ಣದಲ್ಲಿ, ತುಕ್ಕು ತಡೆಯುವ ಕೆಂಪು ಪ್ರೈಮರಿನಲ್ಲಿ ಸೀಸವಿರಬಹುದು. ಸೀಸದ ವಿಷಯದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮಕ್ಕಳ ಮಿದುಳಿಗೆ ಅದು ಶಾಶ್ವತ ಹಾನಿ ಮಾಡಬಲ್ಲದು. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮ ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಿಗಾಗಿ ಮಾಡಿದ್ದು. ವಾಹನದ ಬಣ್ಣ ಅದರ ವ್ಯಾಪ್ತಿಯಲ್ಲಿಲ್ಲ.

ಪರಿಹಾರ ಕಠಿಣವೇನಲ್ಲ. ಬಣ್ಣ ಮಾಸಿದ್ದಷ್ಟೇ ಆದರೆ ಪಾಲಿಶ್ ಸಾಕು, ಇಡೀ ಮೈ ಕೆರೆಯಬೇಕಿಲ್ಲ. ತುಕ್ಕು ಹಿಡಿದಲ್ಲಿ ಮಾತ್ರ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಕೆಳಗೆ ಟಾರ್ಪಾಲು ಹಾಸಿ, ಕೆಸರನ್ನೂ ಒರೆಸಿದ ಬಟ್ಟೆಯನ್ನೂ ಡಬ್ಬಿಯಲ್ಲಿ ಮುಚ್ಚಿಡಬೇಕು. ಆ ಡಬ್ಬಿಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿ ಪಡೆಯುವ ವ್ಯವಸ್ಥೆಯನ್ನು ಗ್ರಾಮ ಪಂಚಾಯಿತಿಗಳು ಮಾಡಬೇಕು. ಹಳ್ಳದ ನೀರನ್ನೇ ನಂಬಿದ ಊರುಗಳು ಇದನ್ನು ಗ್ರಾಮಸಭೆಯಲ್ಲಿ ಕೇಳಿ ಪಡೆಯಬೇಕಾಗಿದೆ.