‘ಸೈಕಲ್ ರಿಪೇರಿ ಮನ್ಯಾಗ ಮಾಡ್ಕೋರಿ’ ಅನ್ನೋರಿಗೆ ಒಂದು ಮಾತು

‘ಸೈಕಲ್ ತಾನೇ? ಅದರಾಗ ಏನೈತಿ, ಮನ್ಯಾಗ ಮಾಡ್ಕೊಂಡ್ರಾತು.’

ಈ ಮಾತು ನಾನೂ ಹೇಳಿದವನೇ. ಅಕ್ಕನ ಮಗಳ ಸೈಕಲ್ ಪಂಚರ್ ಆದಾಗ ಅಕ್ಕನಿಗೆ ಫೋನಿನಲ್ಲಿ ಹೀಗೇ ಹೇಳಿ, ‘ಭಾನುವಾರ ಬರ್ತೀನಿ, ಅರ್ಧ ತಾಸಿನ ಕೆಲಸ’ ಅಂದಿದ್ದೆ. ಆ ಭಾನುವಾರ ಕಳೆದ ಮೇಲೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಹುಡುಗಿ ಒಂಬತ್ತನೇ ಕ್ಲಾಸು. ಹೈಸ್ಕೂಲು ಐದು ಕಿಲೋಮೀಟರ್ ದೂರ. ‘ಹೆಣ್ಣುಮಕ್ಕಳಿಗೆ ಬಸ್ ಫ್ರೀ ಐತಲ್ಲ’ ಅಂತ ನೀವು ಕೇಳಬಹುದು. 2023ರ ಜೂನ್‌ನಿಂದ ಟಿಕೆಟ್ ಫ್ರೀ ಆಗಿದೆ, ನಿಜ. ಆದರೆ ಅವರೂರಿಗೆ ಬೆಳಿಗ್ಗೆ ಒಂದು ಬಸ್ಸು ಏಳೂವರೆಗೆ, ಇನ್ನೊಂದು ಹನ್ನೊಂದಕ್ಕೆ. ಶಾಲೆಯ ಗಂಟೆ ಹೊಡೆಯುವುದು ಇವೆರಡರ ನಡುವೆ. ಹಾಗಾಗಿ ಸೈಕಲ್ಲೇ ಗತಿ. ಆ ಸೈಕಲ್ಲೂ ಹೊಸದಲ್ಲ. ಪಕ್ಕದ ಮನೆಯ ಹುಡುಗಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಸಿಕ್ಕಿದ್ದು. ಆಕೆ ಕಾಲೇಜಿಗೆ ಹೋದ ಮೇಲೆ ಆಡಿನ ಕೊಟ್ಟಿಗೆಯಲ್ಲಿ ನಿಂತಿತ್ತು, ಅಕ್ಕ ಸ್ವಲ್ಪ ದುಡ್ಡು ಕೊಟ್ಟು ತಂದಿದ್ದಳು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ತಲೆಕೆಳಗು ಮಾಡಿ ಕೂತೆ. ಮೊದಲು ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಅದರಲ್ಲಿದ್ದವನು ಸಣ್ಣ ಲಿವರ್ ಎತ್ತಿದ, ಗಾಲಿ ಕೈಗೆ ಬಂತು. ನಮ್ಮ ಸೈಕಲ್ ಅಂಥದ್ದಲ್ಲ. ಕ್ಯಾರಿಯರ್ ಕಾಲು, ಸ್ಟ್ಯಾಂಡು, ಮಡ್‌ಗಾರ್ಡ್ ಕಡ್ಡಿ ಎಲ್ಲವೂ ಹಿಂದಿನ ಆಕ್ಸಲ್‌ಗೇ ಸಿಕ್ಕಿಕೊಂಡಿವೆ. ನನ್ನ ಬೈಕಿನ ಪಾನಾ ಆ ನಟ್ಟಿಗೆ ಕೂರಲಿಲ್ಲ. ಬೋರ್‌ವೆಲ್ ಮೋಟಾರು ಬಿಚ್ಚುವವರ ಹತ್ತಿರ ಸ್ಕ್ರೂ ಪಾನಾ ಕಡ ತಂದೆ. ಅದು ಎರಡು ಸಲ ಜಾರಿ ನಟ್ಟಿನ ಮೂಲೆ ಸವೆದು ದುಂಡಗಾಯಿತು, ಮೂರನೇ ಸಲ ನನ್ನ ಬೆರಳಿನ ಗೆಣ್ಣು ಕಿತ್ತಿತು.

ಟೈರ್ ಎಬ್ಬಿಸಲು ಸ್ಕ್ರೂಡ್ರೈವರ್ ಹಾಕಿದೆ. ಟ್ಯೂಬಿಗೆ ಇನ್ನೊಂದು ತೂತು ಬಿತ್ತು. ಸೊಲ್ಯೂಷನ್ ಹಚ್ಚಿ ಹಸಿ ಇರುವಾಗಲೇ ತೇಪೆ ಅಂಟಿಸಿದೆ, ಗಾಳಿ ಹೊಡೆದ ಕೂಡಲೇ ಒಂದು ಮೂಲೆ ಎದ್ದಿತು. ಮತ್ತೆ ಬಿಚ್ಚಿದೆ, ಮತ್ತೆ ಅಂಟಿಸಿದೆ. ಮಧ್ಯಾಹ್ನ ಮೂರಕ್ಕೆ ಗಾಲಿ ಕೂರಿಸಿ ಗಾಳಿ ಹೊಡೆದಾಗ ಟೈರು ಕಲ್ಲಿನಂತೆ ನಿಂತಿತು. ಅಕ್ಕ ಚಹಾ ಕೊಟ್ಟಳು. ನಾನು ದೊಡ್ಡ ಕೆಲಸ ಮಾಡಿದವನ ಹಾಗೆ ಕುಡಿದು ಬಂದೆ.

ಸೋಮವಾರ ಬೆಳಿಗ್ಗೆ ಫೋನು ಬಂತು. ‘ಮಾಮಾ, ಗಾಳಿ ಇಲ್ಲ.’

ಅವತ್ತು ಹುಡುಗಿ ನಡೆದುಕೊಂಡು ಹೋದಳು. ಮೊದಲ ಪಿರಿಯಡ್ ಮುಗಿದಿತ್ತು. ಮಂಗಳವಾರವೂ ಹಾಗೇ ಆಯಿತು. ಬುಧವಾರ ಗಣಿತದ ಟೆಸ್ಟ್ ಇತ್ತು, ಆದರೆ ಹೋಗಲಿಲ್ಲ. ಅಕ್ಕನೇ ಬೇಡ ಅಂದಿದ್ದಳು. ‘ಬೆಳಿಗ್ಗೆ, ಸಂಜಿ ಹೊಲದ ದಾರ್ಯಾಗ ಒಬ್ಬಾಕಿನ ನಡಕೊಂತ ಹೋಗೋದು ಬ್ಯಾಡ. ಸೈಕಲ್ ಆದ ಮ್ಯಾಲ ಹೋಗ್ಲಿ’ ಅಂದಳು. ಆ ಮಾತು ಕೇಳಿ ನನಗೆ ನಿಜವಾಗಿಯೂ ಭಯವಾಯಿತು. ಶಾಲೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳ ಮನೆಗೆ ಸುದ್ದಿಗಾಗಿ ಹೋಗಿದ್ದೇನೆ. ಯಾರೂ ‘ಬಿಡಿಸಿದೆವು’ ಅನ್ನುವುದಿಲ್ಲ. ‘ನಾಕು ದಿನ ಬ್ಯಾಡ ಅಂದ್ವಿ, ಹಂಗ ನಿಂತುಹೋತು’ ಅನ್ನುತ್ತಾರೆ.

ಗುರುವಾರ ಆಫೀಸಿಗೆ ಸುದ್ದಿ ಕಳಿಸಿ ತಾಲ್ಲೂಕು ಕೇಂದ್ರಕ್ಕೆ ಹೋದೆ. ಅಂಗಡಿಯವರು ಟ್ಯೂಬಿನ ಸೈಜು ಕೇಳಿದರು. ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ನಾನು ನೋಡಿಕೊಂಡು ಹೋಗಿರಲಿಲ್ಲ. ಅಂದಾಜಿಗೆ 28 ತಂದೆ. ಗಾಲಿ 26ರದು. ಟ್ಯೂಬು ಒಳಗೆ ಮಡಿಕೆ ಬಿತ್ತು. ಒಂದು ಸುದ್ದಿಗೆ ನನಗೆ ಸಿಗುವ ದುಡ್ಡಿಗಿಂತ ಅವತ್ತಿನ ಪೆಟ್ರೋಲೇ ಹೆಚ್ಚಾಯಿತು.

ಕೊನೆಗೆ ಊರಿನ ಹಳೇ ಸೈಕಲ್ ಶಾಪಿನ ಅಜ್ಜನ ಮನೆಗೆ ಹೋದೆವು. ಒಂದು ಕಾಲಕ್ಕೆ ಅವರ ಅಂಗಡಿ ಮುಂದೆ ಬಾಡಿಗೆ ಸೈಕಲ್ ಸಾಲಾಗಿ ನಿಲ್ಲುತ್ತಿದ್ದವು, ತಾಸಿನ ಲೆಕ್ಕ. ಈಗ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ. ಮಗ ಪಟ್ಟಣದಲ್ಲಿ ಬೈಕ್ ಪಂಚರ್ ಹಾಕುತ್ತಾನೆ. ಅಜ್ಜನ ಕಣ್ಣು ಮಂಜಾಗಿದೆ. ಆದರೆ ಟೈರಿನ ಒಳಗೆ ಬಟ್ಟೆ ಹಾಕಿ ಒಂದು ಸುತ್ತು ಎಳೆದರು. ಬಟ್ಟೆ ಒಂದು ಕಡೆ ಸಿಕ್ಕಿಕೊಂಡಿತು. ಚಿಮ್ಮಟದಿಂದ ಎಳೆದರೆ ಬಂದದ್ದು ಬಳ್ಳಾರಿ ಜಾಲಿಯ ಮುಳ್ಳಿನ ಮುರಿದ ತುದಿ.

‘ಟ್ಯೂಬಿಗೆ ತೇಪಿ ಹಚ್ಚಿ, ಮುಳ್ಳು ಟೈರಿನ್ಯಾಗ ಬಿಟ್ಟೀಯಲ್ಲೋ ತಮ್ಮಾ’ ಅಂದರು. ‘ಪಂಚರ್‌ಗೆ ಗಾಲಿ ಯಾಕ ಬಿಚ್ಚಿದಿ?’

ಗಾಲಿ ಬಿಚ್ಚುವುದೇ ಬೇಕಿರಲಿಲ್ಲ. ಗಾಲಿ ಇದ್ದಲ್ಲೇ ಟೈರಿನ ಒಂದು ಬದಿ ಎಬ್ಬಿಸಿ ಟ್ಯೂಬ್ ಹೊರಗೆ ಎಳೆಯಬೇಕು. ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಬೇಕು, ಗುಳ್ಳೆ ಬಂದ ಕಡೆ ಗುರುತು ಹಾಕಬೇಕು. ಒರೆಸಿ ಒಣಗಿಸಿ, ಮರಳು ಕಾಗದದಿಂದ ಉಜ್ಜಬೇಕು. ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಹೋಗುವ ತನಕ ಕಾಯಬೇಕು. ಆಮೇಲೆ ತೇಪೆ ಒತ್ತಬೇಕು. ಟ್ಯೂಬ್ ಒಳಗೆ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಬೇಕು. ಬರಿ ಬೆರಳು ಆಡಿಸಿದರೆ ಬೆರಳಿಗೇ ಚುಚ್ಚುತ್ತದೆ. ತೂತು ಎಲ್ಲೂ ಕಾಣದಿದ್ದರೆ ವಾಲ್‌ಗೆ ಹಾಕುವ ಸಣ್ಣ ರಬ್ಬರ್ ನಳಿಗೆ ಹರಿದಿದೆಯೇ ನೋಡಬೇಕು.

ಎಡಗಡೆ ಪೆಡಲ್ ಬಗ್ಗೆಯೂ ಹೇಳಿಕೊಟ್ಟರು. ಅದರ ಥ್ರೆಡ್ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಿದರೆ ಸಡಿಲಾಗುತ್ತದೆ. ಇದು ಗೊತ್ತಿಲ್ಲದೆ ಬಿಚ್ಚಲು ಹೋದವರು ಇನ್ನೂ ಬಿಗಿ ಮಾಡಿ, ಸುತ್ತಿಗೆ ಏಟು ಕೊಟ್ಟು ಕೆಡಿಸುತ್ತಾರಂತೆ.

ಅಜ್ಜ ಇದನ್ನೆಲ್ಲ ನನಗೆ ಹೇಳಲಿಲ್ಲ, ಹುಡುಗಿಗೆ ಹೇಳಿದರು. ಆಕೆಯ ಕೈಯಿಂದಲೇ ಮಾಡಿಸಿದರು. ಶುಕ್ರವಾರ ಆಕೆ ಶಾಲೆಗೆ ಹೋದಳು.

ಈಗ ನನ್ನ ಮಾತು. ಸೈಕಲ್ ರಿಪೇರಿ ಸುಲಭ ಅನ್ನುವುದು ಪೂರ್ತಿ ನಿಜವಲ್ಲ. ಒಮ್ಮೆ ಕೈಹಿಡಿದು ತೋರಿಸಿದವರಿಗೆ ಅದು ಸುಲಭ. ಅದಕ್ಕೆ ಸರಿಯಾದ ಪಾನಾ ಬೇಕು, ಸರಿಯಾದ ಸಾಮಾನು ಬೇಕು, ತೋರಿಸುವವರು ಬೇಕು. ಮೊದಲು ಈ ಮೂರೂ ಒಂದೇ ಸೈಕಲ್ ಶಾಪಿನಲ್ಲಿ ಸಿಗುತ್ತಿದ್ದವು. ಬೈಕು ಬಂದ ಮೇಲೆ ಆ ಶಾಪು ಮುಚ್ಚಿತು. ಆದರೆ ಮಕ್ಕಳಿಗೆ ಬೈಕು ಬರಲಿಲ್ಲ, ಬರಲೂ ಬಾರದು. ಗೇರ್ ಬೈಕಿನ ಲೈಸೆನ್ಸಿಗೆ ಹದಿನೆಂಟು ತುಂಬಬೇಕು. ಅಂದರೆ ದೊಡ್ಡವರ ಗಾಡಿಗೆ ಮೂಲೆಮೂಲೆಯಲ್ಲಿ ಮೆಕ್ಯಾನಿಕ್ ಇದ್ದಾರೆ, ಮಕ್ಕಳ ಸೈಕಲ್‌ಗೆ ಯಾರೂ ಇಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಗಿದ್ದು 2006-07ರಲ್ಲಿ. ಕೊರೊನಾ ಬಂದ ಮೇಲೆ ನಿಂತಿತು. ಅದಕ್ಕೂ ಮುಂಚೆ ಎಷ್ಟೋ ಸೈಕಲ್ ವಿತರಣೆ ಕಾರ್ಯಕ್ರಮದ ಸುದ್ದಿ ಬರೆದಿದ್ದೇನೆ. ಗಣ್ಯರು ಹ್ಯಾಂಡಲ್ ಹಿಡಿದ ಫೋಟೊ, ಇಷ್ಟು ಸೈಕಲ್ ಬಂದವು ಅನ್ನುವ ಲೆಕ್ಕ, ಅಷ್ಟೇ. ಆರು ತಿಂಗಳ ಮೇಲೆ ಅದೇ ಶಾಲೆಗೆ ಹೋಗಿ, ಎಷ್ಟು ಸೈಕಲ್ ಓಡುತ್ತಿವೆ, ಎಷ್ಟು ಕೊಟ್ಟಿಗೆ ಸೇರಿವೆ, ಕೆಟ್ಟರೆ ಯಾರು ಮಾಡಿಕೊಡುತ್ತಾರೆ ಅಂತ ಒಂದು ಸಲವೂ ಕೇಳಲಿಲ್ಲ. ಯೋಜನೆ ನಿಂತಾಗ ‘ಸೈಕಲ್ ಯಾವಾಗ?’ ಅಂತ ಬರೆದೆ. ಇದ್ದ ಸೈಕಲ್‌ಗಳ ಗತಿ ಬರೆಯಲಿಲ್ಲ.

ಹೊಸ ಯೋಜನೆ ಬರಲಿ ಅಂತ ಕಾಯಬೇಕಿಲ್ಲ. ಎರಡು ಕೆಲಸ ನಾವೇ ಮಾಡಬಹುದು.

ಮೊದಲನೆಯದು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಪೆಟ್ಟಿಗೆ. ಒಂದು ಪಂಪು, ಸೈಕಲ್ ಪಾನಾದ ಸೆಟ್ಟು, ಟೈರ್ ಎಬ್ಬಿಸುವ ಲಿವರ್, ಸೊಲ್ಯೂಷನ್, ತೇಪೆ, ವಾಲ್ ರಬ್ಬರ್, ಎಣ್ಣೆ ಡಬ್ಬಿ. ಪುಸ್ತಕದ ಹಾಗೆಯೇ ಹೆಸರು ಬರೆದು ಒಯ್ಯುವುದು, ತಂದಿಡುವುದು.

ಎರಡನೆಯದು, ಹೈಸ್ಕೂಲಿನಲ್ಲಿ ವರ್ಷಕ್ಕೆ ಒಂದು ಶನಿವಾರ. ಊರಲ್ಲಿ ಉಳಿದಿರುವ ಹಳೇ ಸೈಕಲ್ ಮೆಕ್ಯಾನಿಕ್‌ರನ್ನು ಕರೆಸಿ, ಅವರಿಗೆ ಒಂದು ದಿನದ ಕೂಲಿ ಕೊಟ್ಟು ಮಕ್ಕಳಿಗೆ ಕಲಿಸುವುದು. ಹೆಣ್ಣುಮಕ್ಕಳನ್ನು ಮುಂದೆ ಕೂರಿಸಬೇಕು. ನಡುದಾರಿಯಲ್ಲಿ ಸೈಕಲ್ ನಿಂತರೆ ಮನೆಯವರ ಹೆದರಿಕೆ ಹೆಚ್ಚಾಗುವುದು ಅವರ ವಿಷಯದಲ್ಲೇ.

ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಯಾರಾದರೂ ನಕ್ಕರೆ, ಅವರ ಅಂಗಳಕ್ಕೆ ಒಂದು ಪಂಚರ್ ಸೈಕಲ್ ತಂದು ನಿಲ್ಲಿಸಿ, ‘ಮಾಡಿಕೊಡ್ರಿ ನೋಡೋಣ’ ಅನ್ನಿ.

ಈಗ ಅಕ್ಕನ ಮಗಳ ಬ್ಯಾಗಿನಲ್ಲಿ ಸೊಲ್ಯೂಷನ್ ಟ್ಯೂಬು, ನಾಲ್ಕು ತೇಪೆ, ಒಂದು ಹಳೇ ಬಟ್ಟೆ ಇರುತ್ತವೆ. ಹೋದ ವಾರ ಗೆಳತಿಯ ಸೈಕಲ್‌ಗೂ ಪಂಚರ್ ಹಾಕಿದಳಂತೆ. ಬುಧವಾರದ ಗಣಿತದ ಟೆಸ್ಟ್ ಮಾತ್ರ ತಪ್ಪಿತು, ಅದನ್ನು ನಾನು ಮರಳಿ ಕೊಡಲಾರೆ.

ಅಜ್ಜನಿಗೆ ಎಪ್ಪತ್ತು ದಾಟಿದೆ. ನಿಮ್ಮೂರಲ್ಲೂ ಅಂಥವರು ಒಬ್ಬರು ಇರಬಹುದು. ಈ ವಾರವೇ ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗಿ ಬನ್ನಿ.