ಶರೀಫರ ಪದಕ್ಕೆ ಗಿಟಾರಿನ ಮೈಲಿಗೆಯೆ?

ಶಿಶುನಾಳ ಶರೀಫ ಸಾಹೇಬರ ಪದಗಳನ್ನು ಗಿಟಾರು, ಡ್ರಮ್ಮುಗಳ ಮೇಳದೊಡನೆ ಹಾಡುವದು ಅಪಚಾರವೆಂಬ ಮಾತು ನಮ್ಮ ಸುಶಿಕ್ಷಿತ ಮಂಡಲಿಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಆಕ್ಷೇಪಕ್ಕೆ ಗುರಿಯಾದವರು ಮೈಸೂರಿನ ರಘು ದೀಕ್ಷಿತರು. ಆಕ್ಷೇಪಕರ ವಾದವನ್ನು ತುಸು ಒರೆಗೆ ಹಚ್ಚಿ ನೋಡುವದು ಅವಶ್ಯವಾಗಿದೆ.

ದೀಕ್ಷಿತರು ಭರತನಾಟ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಗಿಟಾರನ್ನು ಗುರುವಿಲ್ಲದೆ ತಾವೇ ಕಲಿತರು. ‘ಅಂತರಾಗ್ನಿ’ಯೆಂಬ ಮೇಳವನ್ನು ಕಟ್ಟಿ, ಧ್ವನಿಮುದ್ರಣದ ಕಂಪನಿಗಳ ಬಾಗಿಲು ತಟ್ಟಿ, ಹಲವು ವರ್ಷ ಬರಿಗೈಯಲ್ಲಿ ಹಿಂದಿರುಗಿದರು. ಮೊದಲನೆಯ ಗೀತಸಂಗ್ರಹ ಹೊರಬಂದದ್ದು 2008ರಲ್ಲಿ. ಅದರಲ್ಲಿ ಶರೀಫರ ಗುಡುಗುಡಿಯ ಪದವೂ ಮಾಳಿಗೆಯ ಪದವೂ ಇದ್ದವು. ಲುಂಗಿಯುಟ್ಟು, ಗೆಜ್ಜೆ ಕಟ್ಟಿ ಹಾಡುವ ಈ ಗಾಯಕರು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೇರಿದರು.

ಗಿಟಾರು ಪರದೇಶದ್ದು, ಒಪ್ಪಿದೆವು. ಹಾಗಾದರೆ ನಮ್ಮ ಭಜನೆಯ ಪೇಟಿ ಎಲ್ಲಿಯದು? ಅದೂ ಯುರೋಪದಿಂದಲೇ ಬಂದದ್ದು. ನಮ್ಮ ಸಂಗೀತಕ್ಕೆ ಹೊಂದದೆಂದು 1940ರಲ್ಲಿ ಅಖಿಲ ಭಾರತ ರೇಡಿಯೋ ಅದನ್ನು ಹೊರಗಿಟ್ಟು, ಸುಮಾರು ಮೂರು ದಶಕ ಒಳಗೆ ಬಿಡಲಿಲ್ಲ. ಇಂದು ಅದೇ ಪೇಟಿಯನ್ನು ಮುಂದಿಟ್ಟುಕೊಂಡು ಗಿಟಾರಿಗೆ ಬಾಗಿಲಿಕ್ಕುವದು ವಿನೋದವೇ ಸರಿ. (ಪಿಟೀಲಿನ ಮಾತನ್ನು ಎತ್ತುವದೇ ಬೇಡ.)

ಶರೀಫರಾದರೂ (1819–1889) ಮಡಿವಂತರಾಗಿದ್ದರೆ? ಮುಸಲ್ಮಾನ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಮೊಹರಮ್ಮಿಗೆ ರಿವಾಯತ ಪದಗಳನ್ನು ಕಟ್ಟಿದರು, ದೇವಿಯನ್ನೂ ಹಾಡಿದರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಆ ಕಾಲಕ್ಕೆ ಹೊಸದಾಗಿದ್ದ ಗಿರಣಿ, ಹೀಗೆ ಕಣ್ಣಿಗೆ ಬಿದ್ದದ್ದೆಲ್ಲವೂ ಅವರಿಗೆ ತತ್ತ್ವದ ಸಾಮಗ್ರಿ. ಗಿರಣಿಗೆ ಬೆದರದವರು ಗಿಟಾರಿಗೆ ಬೆದರುತ್ತಿದ್ದರೆ?

ದೀಕ್ಷಿತರಲ್ಲಿ ದೋಷವೇ ಇಲ್ಲವೆಂದಲ್ಲ. ತಾಳದ ಭರಾಟೆಯಲ್ಲಿ ಮಾತು ಮುಳುಗುವದುಂಟು. ಗುಡುಗುಡಿಯ ಪದಕ್ಕೆ ಕುಣಿಯುವ ತರುಣರಲ್ಲಿ, ಅಲ್ಲಿ ಹೇಳಿದ್ದು ತಮ್ಮ ದೇಹದ ಸಂಗತಿಯೆಂದು ಗ್ರಹಿಸಿದವರು ಎಷ್ಟು ಜನ? ಮಾಳಿಗೆಯ ಪದವಂತೂ ಅಳಲಿನ ಪದ. ಅದಕ್ಕೆ ನಿಧಾನ ಬೇಕು. ಸಿ. ಅಶ್ವತ್ಥರು ಹಾಡುವಾಗ ಆ ನಿಧಾನವಿತ್ತು.

ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಶ್ವತ್ಥರು ಬೆಂಗಳೂರಿನಲ್ಲಿ ಬಾಳಿದವರು, ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು. ಶಿಶುನಾಳವೋ, 1997ರಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ನಮ್ಮ ಧಾರವಾಡ ಜಿಲ್ಲೆಯೊಳಗೇ ಇತ್ತು! ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ನಾಡೆಂದು ಬೀಗುವ ನಾವು ಖ್ಯಾಲಿಗೆ ಗಾದಿ ಹಾಸಿದೆವು. ತತ್ತ್ವಪದವನ್ನು ಹಳ್ಳಿಯ ಗುಡಿಯ ಕಟ್ಟೆಗೆ ಬಿಟ್ಟೆವು. ನಾವು ಬಿಟ್ಟದ್ದನ್ನು ಬೇರೆಯವರು ಎತ್ತಿಕೊಂಡು ಹಾಡಿದರೆ ಈಗ ಒಡೆತನದ ಜಗಳವೇಕೆ? ಗಿಟಾರು ಸೇರದವರು ಏಕತಾರಿಯನ್ನು ಹಿಡಿಯಲಿ. ತಮ್ಮ ಮನೆಯ ಮಕ್ಕಳಿಗೆ ಐದಾರು ಪದಗಳನ್ನಾದರೂ ಅರ್ಥಸಹಿತ ಕಲಿಸಿ, ಬರುವ ಶಿಶುನಾಳದ ಜಾತ್ರೆಯಲ್ಲಿ ಹಾಡಿಸಲಿ. ನಾವು ಹೋಗಿ ಕೇಳುವೆವು.