ವಾಟ್ ಒಂದನ್ನೇ ನೋಡಿ ಟ್ರಾನ್ಸ್‌ಮಿಟರ್ ಕೊಳ್ಳಬೇಡಿ

“ಸಾರ್, ಇದೂ ಐವತ್ತು ವಾಟು, ಅದೂ ಐವತ್ತು ವಾಟು. ಅದಕ್ಕೆ ಮಾತ್ರ ಯಾಕೆ ಅಷ್ಟೊಂದು ದುಡ್ಡು?” ಸಮುದಾಯ ಬಾನುಲಿ ನಡೆಸುವವರು ಟ್ರಾನ್ಸ್‌ಮಿಟರ್ ಕೊಳ್ಳುವ ಮುಂಚೆ ನನ್ನನ್ನು ಕೇಳುವ ಪ್ರಶ್ನೆ ಇದು. ಎಫ್‌ಎಂ ಟ್ರಾನ್ಸ್‌ಮಿಟರಿನ ಪವರ್ ಆಂಪ್ಲಿಫೈಯರ್ ವಿನ್ಯಾಸ ಮಾಡುವುದು, ಸುಟ್ಟುಹೋದದ್ದನ್ನು ಬಿಚ್ಚಿ ಸರಿಮಾಡುವುದು ನನ್ನ ಕಸುಬು. ಹಾಗೆ ಕೇಳುವವರ ತಪ್ಪೇನಿಲ್ಲ. ಅವರ ಕೈಗೆ ಬರುವ ಕೊಟೇಶನ್‌ಗಳಲ್ಲಿ ವಾಟ್ ಮತ್ತು ಬೆಲೆ ಎದ್ದು ಕಾಣುತ್ತವೆ, ಉಳಿದದ್ದು ಇರುವುದೇ ಇಲ್ಲ. ಟೆಂಡರ್ ಬರೆದವರೂ ಅಷ್ಟನ್ನೇ ಕೇಳಿರುತ್ತಾರೆ. ಕಡಿಮೆ ಬೆಲೆ ಬರೆದವರಿಗೆ ಆರ್ಡರ್ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಕೇಂದ್ರದ ದನಿ ನಿಲ್ಲುತ್ತದೆ.

ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಆ ನಿಯಮಗಳ ಪ್ರಕಾರ ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ ಸಾಮಾನ್ಯವಾಗಿ ಗರಿಷ್ಠ 100 ವಾಟ್, ಆಂಟೆನಾದ ಎತ್ತರ ನೆಲದಿಂದ ಗರಿಷ್ಠ 30 ಮೀಟರ್. ಅದಕ್ಕೆ 50 ವಾಟ್‌ನ ಟ್ರಾನ್ಸ್‌ಮಿಟರ್ ಸಾಕು. ಚಿಕ್ಕ ಯಂತ್ರ ತಾನೇ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹಳ್ಳಿಯ ಕೇಂದ್ರಕ್ಕೆ ಇರುವುದು ಆ ಒಂದೇ ಯಂತ್ರ. ಬದಲಿ ಪೆಟ್ಟಿಗೆ ಇಲ್ಲ, ಎಂಜಿನಿಯರ್ ಇಲ್ಲ, ಎಸಿಯೂ ಇಲ್ಲ.

ಎರಡು ಐವತ್ತು ವಾಟ್‌ಗಳ ನಡುವಿನ ವ್ಯತ್ಯಾಸವನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ. ಒಂದು ಆಂಪ್ಲಿಫೈಯರಿನ ಕೊನೆಯ ಹಂತದ ದಕ್ಷತೆ ಶೇ 50. ಅದು 100 ವಾಟ್ ತಿಂದು 50 ವಾಟನ್ನು ಆಂಟೆನಾಕ್ಕೆ ಕೊಡುತ್ತದೆ, ಉಳಿದ 50 ಬಿಸಿಯಾಗುತ್ತದೆ. ಇನ್ನೊಂದರ ದಕ್ಷತೆ ಶೇ 75. ಅದಕ್ಕೆ ಸುಮಾರು 67 ವಾಟ್ ಸಾಕು, ಬಿಸಿಯಾಗುವುದು 17. ಅಂದರೆ ಬಿಸಿ ಮೂರನೇ ಒಂದು ಪಾಲಿಗೆ ಇಳಿಯಿತು. ಟ್ರಾನ್ಸಿಸ್ಟರಿನೊಳಗಿನ ಸಿಲಿಕಾನ್ ಚೂರಿನಿಂದ ಹೊರಗಿನ ಗಾಳಿಯವರೆಗೆ ಒಂದು ವಾಟ್‌ಗೆ 2 ಡಿಗ್ರಿ ಬಿಸಿ ಏರುತ್ತದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ತಿಂಗಳು, ಶೀಟ್ ಹೊದಿಸಿದ ಕೋಣೆಯೊಳಗೆ 40 ಡಿಗ್ರಿ. ಮೊದಲನೆಯದರ ಸಿಲಿಕಾನ್ 140 ಡಿಗ್ರಿಯಲ್ಲಿ ಬೇಯುತ್ತಿರುತ್ತದೆ, ಎರಡನೆಯದು 75ರ ಆಸುಪಾಸಿನಲ್ಲಿ ಇರುತ್ತದೆ. ಫ್ಯಾನಿಗೆ ದೂಳು ಕಟ್ಟಿ ನಿಂತರೆ ಎರಡನೆಯದಕ್ಕೆ ತಾಳುವ ಅವಕಾಶವಿದೆ, ಮೊದಲನೆಯದಕ್ಕೆ ಇಲ್ಲವೇ ಇಲ್ಲ. ಕರೆಂಟು ಹೋದಾಗಲೂ ಇದೇ ಲೆಕ್ಕ: ಮೊದಲನೆಯದರ ಈ ಹಂತವನ್ನು ಹತ್ತು ಗಂಟೆ ನಡೆಸುವ ಬ್ಯಾಟರಿ ಎರಡನೆಯದರದ್ದನ್ನು ಹದಿನೈದು ಗಂಟೆ ನಡೆಸುತ್ತದೆ.

ದಕ್ಷತೆ ಬರುವುದು ಹೇಗೆ? ಟ್ರಾನ್ಸಿಸ್ಟರ್ ಮೇಲೆ ವೋಲ್ಟೇಜು ಇರುವ ಹೊತ್ತಿನಲ್ಲೇ ಅದರೊಳಗೆ ಕರೆಂಟೂ ಹರಿದರೆ ಎರಡರ ಗುಣಲಬ್ಧ ಬಿಸಿಯಾಗಿ ಹೋಗುತ್ತದೆ. ಎರಡೂ ಒಟ್ಟಿಗೆ ಇರದಂತೆ ನೋಡಿಕೊಳ್ಳುವುದೇ ಈ ಕಸುಬಿನ ತಿರುಳು. ಸದಾ ಕರೆಂಟು ಹರಿಯುವ ಕ್ಲಾಸ್ ಎ ಸಿದ್ಧಾಂತದಲ್ಲೂ ಶೇ 50 ದಾಟುವುದಿಲ್ಲ, ಕ್ಲಾಸ್ ಬಿ ಶೇ 78.5. 1975ರಲ್ಲಿ ನಾಥನ್ ಸೋಕಲ್ ಮತ್ತು ಅವರ ಮಗ ಅಲನ್ ಕ್ಲಾಸ್ ಇ ಎಂಬ ಮಾರ್ಗವನ್ನು ಪ್ರಕಟಿಸಿದರು. ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಬಳಸಿ, ವೋಲ್ಟೇಜು ಸೊನ್ನೆಗೆ ಇಳಿದ ಕ್ಷಣದಲ್ಲೇ ಅದನ್ನು ಆನ್ ಮಾಡುವ ಏರ್ಪಾಡು ಅದು. ಕಾಗದದ ಮೇಲೆ ದಕ್ಷತೆ ಶೇ 100. ನನಗೆ ಇವತ್ತಿಗೂ ಅದು ವಿದ್ಯುತ್ ಮಂಡಲಗಳಲ್ಲೇ ಅತಿ ಸುಂದರವಾದ ಒಂದು ಯೋಚನೆ. ಮೊಬೈಲ್ ಟವರ್‌ಗಳಿಗೆ ಇದನ್ನು ನೇರವಾಗಿ ತರಲಾಗದು. ಅಲ್ಲಿನ ಸಂಕೇತದ ಎತ್ತರ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಅದಕ್ಕಾಗಿ 1936ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲಿಯಂ ಡೊಹರ್ಟಿ ತೋರಿಸಿದ ಜೋಡಿ ಆಂಪ್ಲಿಫೈಯರನ್ನೇ ಈಗಲೂ ಬಳಸುತ್ತಾರೆ. ಎಫ್‌ಎಂನಲ್ಲಿ ಆ ತೊಡಕಿಲ್ಲ. ಅಲ್ಲಿ ಬದಲಾಗುವುದು ಆವರ್ತನ ಮಾತ್ರ, ಎತ್ತರ ಒಂದೇ ಸಮ. ಹೀಗಿದ್ದೂ ಶೇ 50ರ ಎಫ್‌ಎಂ ಆಂಪ್ಲಿಫೈಯರ್ ಮಾರುತ್ತಾರೆಂದರೆ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ದಕ್ಷತೆಯ ಅಂಕಿಯನ್ನೇ ಬೆನ್ನಟ್ಟಿದರೂ ಕೇಡೇ. ಕ್ಲಾಸ್ ಇಯಲ್ಲಿ ಟ್ರಾನ್ಸಿಸ್ಟರಿನ ಮೇಲೆ ಬೀಳುವ ಗರಿಷ್ಠ ವೋಲ್ಟೇಜು ಪೂರೈಕೆಯ 3.56 ಪಟ್ಟು. 28 ವೋಲ್ಟ್ ಕೊಟ್ಟರೆ ಹತ್ತಿರಹತ್ತಿರ 100 ವೋಲ್ಟ್. 65 ವೋಲ್ಟ್ ತಡೆಯುವ ಟ್ರಾನ್ಸಿಸ್ಟರ್ ಅಲ್ಲಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. 18 ವೋಲ್ಟ್ ಕೊಟ್ಟರೂ ಅದು ಅಂಚಿನಲ್ಲೇ ನಿಂತಿರುತ್ತದೆ. ಈ ಲೆಕ್ಕವೂ ಆಂಟೆನಾ ಸರಿಯಿದ್ದಾಗಿನದು. ಮಲೆನಾಡಿನ ಜುಲೈಯಲ್ಲಿ ಕಂಬದ ತುದಿಯ ಕನೆಕ್ಟರಿನೊಳಗೆ ನೀರಿಳಿದರೆ ಆಂಟೆನಾ 50 ಓಮ್ ಆಗಿ ಉಳಿಯುವುದಿಲ್ಲ. ತೂಬು ಮುಚ್ಚಿದ ಕಾಲುವೆಯ ನೀರಿನ ಹಾಗೆ, ಹೋದ ಶಕ್ತಿ ಬಂದ ದಾರಿಯಲ್ಲೇ ತಿರುಗಿ ನುಗ್ಗುತ್ತದೆ. ನಿಂತ ಅಲೆಯ ಅನುಪಾತ, ನಮ್ಮ ಮಾತಿನಲ್ಲಿ ಎಸ್‌ಡಬ್ಲ್ಯುಆರ್, 3 ಆದರೆ ಶಕ್ತಿಯ ಕಾಲು ಭಾಗ ವಾಪಸ್ಸು. ಕೇಬಲ್ ಕಿತ್ತೇಹೋದರೆ ಪೂರ್ತಿ ವಾಪಸ್ಸು.

ಆದ್ದರಿಂದ ನಾನು ಶೇ 80ರ ಆಸೆ ಬಿಟ್ಟು 75ರ ಹತ್ತಿರ ನಿಲ್ಲಿಸುತ್ತೇನೆ. ಟ್ರಾನ್ಸಿಸ್ಟರಿನ ಪೂರ್ಣ ಶಕ್ತಿ ಎಳೆಯದೆ, ವೋಲ್ಟೇಜಿಗೆ ಧಾರಾಳ ಅಂತರ ಬಿಡುತ್ತೇನೆ. ಇವತ್ತು 65:1 ಎಸ್‌ಡಬ್ಲ್ಯುಆರ್ ತಾಳುತ್ತದೆಂದು ಡೇಟಾಶೀಟಿನಲ್ಲೇ ಬರೆದುಕೊಡುವ ಎಲ್‌ಡಿಮಾಸ್ ಟ್ರಾನ್ಸಿಸ್ಟರ್‌ಗಳು ಸಿಗುತ್ತವೆ. ಬೆಲೆ ಜಾಸ್ತಿ, ಆದರೂ ಅವೇ ಬೇಕು. ವಾಪಸ್ಸು ಬರುವ ಶಕ್ತಿಯನ್ನು ಅಳೆದು ಡ್ರೈವ್ ಇಳಿಸುವ ರಕ್ಷಣೆಯನ್ನು ಮೈಕ್ರೋಕಂಟ್ರೋಲರಿನ ಸಾಫ್ಟ್‌ವೇರ್ ಒಂದಕ್ಕೇ ವಹಿಸುವುದನ್ನು ನಾನು ಒಪ್ಪುವುದಿಲ್ಲ. ಅದು ತನ್ನ ಸರದಿ ಬಂದಾಗ ಓದಿ, ಯೋಚಿಸಿ, ತೀರ್ಮಾನಿಸುವ ಹೊತ್ತಿಗೆ ಸಿಲಿಕಾನ್ ಕರಗಿರುತ್ತದೆ. ನೇರವಾಗಿ ಬಯಾಸ್ ಕತ್ತರಿಸುವ ಒಂದು ಕಂಪ್ಯಾರೇಟರ್ ಇರಲೇಬೇಕು, ಅದರ ಖರ್ಚೂ ಹೆಚ್ಚಿಲ್ಲ. ಇನ್ನು, ಪಟ್ಟಿಯಾಚೆಗೆ ಹೋಗುವ ಸಂಕೇತವನ್ನು ತಡೆಯುವ ಔಟ್‌ಪುಟ್ಟಿನ ಫಿಲ್ಟರ್. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಅಲ್ಲಿಂದಲೇ ವಿಮಾನಗಳು ಬಳಸುವ ಪಟ್ಟಿ ಶುರು. ಆಂಪ್ಲಿಫೈಯರ್ ತಾನಾಗಿಯೇ ಆಂದೋಲನಕ್ಕೆ ಬಿದ್ದರೆ ಅದರ ಕಿರುಚಾಟ ಪೈಲಟ್ಟಿನ ಕಿವಿಗೆ ಹೋಗಬಹುದು. ಅಂಥ ಆಂದೋಲನವನ್ನು ಫಿಲ್ಟರ್ ಒಂದೇ ತಡೆಯಲಾರದು. ಯಾವ ಲೋಡ್ ಇದ್ದರೂ ಮಂಡಲ ಸ್ಥಿರವಾಗಿರುವಂತೆ ಮೊದಲೇ ವಿನ್ಯಾಸವಾಗಿರಬೇಕು.

ಇವೆಲ್ಲ ಕೊಟೇಶನ್ನಿನಲ್ಲಿ ಕಾಣುವುದಿಲ್ಲ, ಪರೀಕ್ಷೆಯಲ್ಲಿ ಕಾಣುತ್ತವೆ. ಹಾಗಾಗಿ ಅನುದಾನ ಕೊಡುವ ಇಲಾಖೆಗಳಿಗೂ ಖರೀದಿ ಸಮಿತಿಗಳಿಗೂ ನನ್ನ ಒತ್ತಾಯ ಇಷ್ಟು: ಗೋಡೆಯ ಪ್ಲಗ್ಗಿನಿಂದ ಆಂಟೆನಾದ ತನಕದ ದಕ್ಷತೆ ಎಷ್ಟೆಂದು ಟೆಂಡರಿನಲ್ಲೇ ಕೇಳಿ, ಅದರಿಂದ ಐದು ವರ್ಷದ ಕರೆಂಟು ಬಿಲ್ಲು ಲೆಕ್ಕ ಹಾಕಿ ಬೆಲೆಗೆ ಕೂಡಿಸಿ, ಆಮೇಲೆ ಹೋಲಿಸಿ. ಯಂತ್ರವನ್ನು ಒಪ್ಪಿಕೊಳ್ಳುವ ದಿನ, ಮುಚ್ಚಿದ ಕೋಣೆಯಲ್ಲಿ ಆಂಟೆನಾದ ಬದಲಿಗೆ ಡಮ್ಮಿ ಲೋಡ್ ಹಾಕಿ ಎಂಟು ಗಂಟೆ ಪೂರ್ಣ ಶಕ್ತಿಯಲ್ಲಿ ಓಡಿಸಿ. ಕೊನೆಗೆ, ಬಿಸಿಯಾಗಿರುವಾಗಲೇ, ಮಾರುವವರ ತಂತ್ರಜ್ಞರ ಕೈಯಿಂದಲೇ ಸ್ವಿಚ್ ಮೂಲಕ ಲೋಡನ್ನು ಕಡಿದು ಮತ್ತೆ ಜೋಡಿಸುವಂತೆ ಮಾಡಿ. ಯಂತ್ರ ತಾನಾಗಿ ಮತ್ತೆ 50 ವಾಟ್‌ಗೆ ಬಂದು ನಿಂತರೆ ಹಣ ಕೊಡಿ. ಈ ಪರೀಕ್ಷೆಗೆ ಒಪ್ಪದವರ ಕೊಟೇಶನ್ ಎಷ್ಟೇ ಕಡಿಮೆ ಇರಲಿ, ಪಕ್ಕಕ್ಕಿಡಿ.